ಜೋನಿಬೆಲ್ಲದ ಲೆಕ್ಕ

ಸೋಮವಾರ ಅಪ್ಪಯ್ಯನ್ನ ಶುಗರ್ ಚೆಕಪ್‌ಗೆ ಅಂತ ಶಿರಸಿಗೆ ಕರ್ಕೊಂಡು ಹೋಗಿದ್ದೆ. ಅದಕ್ಕೂ ಮೂರು ದಿನ ಮೊದ್ಲಿಂದ ಅವ್ರದ್ದು ಭಯಂಕರ ಪಥ್ಯ, ಚಾಕ್ಕೆ ಸಕ್ರೆ ಇಲ್ಲ, ಅನ್ನ ಅರ್ಧಕ್ಕರ್ಧ, ಪಕ್ಕದ ಮನೆ ಅತ್ತೆ ತಂದ ಪಾಯಸ ಮುಟ್ಟಿಲ್ಲ. ಪರೀಕ್ಷೆ ಹಿಂದಿನ ರಾತ್ರಿ ಓದಿ ಪಾಸಾಗೋ ಹುಡುಗ್ರ ಥರ. ಫಾಸ್ಟಿಂಗ್, ಅಂದ್ರೆ ಖಾಲಿ ಹೊಟ್ಟೆ ಶುಗರ್, 124 ಬಂತು, ನನ್ನ ಕಡೆ ನೋಡಿ ‘ಹೆಂಗೆ?’ ಅನ್ನೋ ಹಾಗೆ ಹುಬ್ಬು ಹಾರಿಸಿದ್ರು. ಆಮೇಲೆ ಬಂತು ನೋಡಿ ಎಚ್‌ಬಿಎ1ಸಿ, 8.6. ಅದು ರಕ್ತದ ಕೆಂಪು ಕಣಕ್ಕೆ ಅಂಟಿದ ಸಕ್ರೆ ಲೆಕ್ಕ, ಎರಡು ಮೂರು ತಿಂಗಳ ಸರಾಸರಿ, ಅದರ ಹತ್ರ ಮೂರು ದಿನದ ನಾಟ್ಕ ನಡಿಯೂದಿಲ್ಲ.

ಡಾಕ್ಟ್ರು 7ರ ಹತ್ರ ಇಳಿಸ್ಬೇಕು ಅಂದು ಎರಡೇ ನಿಮಿಷದಲ್ಲಿ ಮುಗಿಸಿದ್ರು. ಪಕ್ಕದ ರೂಮಲ್ಲಿ ಕೌನ್ಸೆಲಿಂಗ್ ಮಾಡೋ ಒಂದು ಹುಡುಗಿ ಇದ್ಲು, ನನ್ನ ಅರ್ಧ ವಯಸ್ಸು. ಇವ್ಳೇನು ಹೇಳ್ತಾಳೆ ಅಂದ್ಕೊಂಡೇ ಕೂತೆ, ಆ ಸೊಕ್ಕು ಇತ್ತು ನಂಗೆ.

ಅವ್ಳು ಏನೂ ಹೇಳ್ಲಿಲ್ಲ. ‘ಹೆಗಡೇರೇ, ಯಾವ್ದು ಇಲ್ದಿದ್ರೆ ನಿಮಗೆ ತಿಂಡಿ ತಿಂದ ಹಾಗೇ ಆಗೂದಿಲ್ಲ?’ ಅಂತ ಕೇಳಿದ್ಲು.

‘ತೆಳ್ಳೇವಿಗೆ ಜೋನಿಬೆಲ್ಲ.’ ತೆಳ್ಳೇವು ಅಂದ್ರೆ ನಮ್ಮ ಕಡೆ ತೆಳು ದೋಸೆ, ಜೋನಿಬೆಲ್ಲ ಅಂದ್ರೆ ನೀರುಬೆಲ್ಲ.

‘ಎಷ್ಟು ಹಾಕ್ಕೊಳ್ತೀರಿ?’

ಅಪ್ಪಯ್ಯ ಅಂಗೈ ಗುಳಿ ಮಾಡಿ ತೋರಿಸಿದ್ರು. ಅಡಿಕೆ ಸುಲಿದೂ ಸುಲಿದೂ ಕಪ್ಪಾದ ಆ ಅಂಗೈ, ಅದ್ರಲ್ಲಿ ಅಷ್ಟು ಬೆಲ್ಲ! ಬೆಲ್ಲ ಅಂದ್ರೆ ಸಕ್ರೆ ಅಲ್ಲ, ಒಳ್ಳೇದು ಅಂತ ಅವ್ರ ನಂಬಿಕೆ. ಶುಗರ್ ಏರಿಸೋ ವಿಷ್ಯದಲ್ಲಿ ಎರಡೂ ಅಣ್ಣ ತಮ್ಮ ಅಂತ ಅವ್ಳು ನಕ್ಕೊಂಡೇ ಹೇಳಿ, ‘ಪೂರ್ತಿ ಬಿಡಿ ಅಂತ ನಾ ಹೇಳೂದಿಲ್ಲ, ಎಷ್ಟಕ್ಕೆ ಇಳಿಸಬಹುದು ನೀವೇ ಹೇಳಿ’ ಅಂದ್ಲು.

ಅಪ್ಪಯ್ಯ ಸುಮಾರು ಹೊತ್ತು ಫ್ಯಾನ್ ನೋಡಿ ‘ಒಂದು ಚಮಚ’ ಅಂದ್ರು. ಆಮೇಲೆ ನನ್ನ ಕಡೆ ಬೆರಳು ಮಾಡಿ, ‘ನೀವು ಕೇಳ್ತೀರಿ. ಇವಳು ಬರೀ ಹೇಳ್ತಾಳೆ.’

ಇದೇ ಮಾತು ಒಂದು ವಾರದಿಂದ ಕಿವೀಲಿ. ನಾನು ಎರಡು ವರ್ಷದಿಂದ ಮಾಡಿದ್ದಾದ್ರೂ ಏನು? ಜೋನಿಬೆಲ್ಲದ ಡಬ್ಬ ಅಟ್ಟ ಹತ್ತಿಸಿದೆ, ಅವ್ರು ಏಣಿ ಹಾಕಿ ಇಳಿಸಿದ್ರು (ಬಿದ್ದಿದ್ರೆ?). ಬೆಂಗ್ಳೂರಲ್ಲಿ ಕೂತ ತಮ್ಮ ಹಾಗಲಕಾಯಿ ಜ್ಯೂಸಿನ ವಿಡಿಯೋ ಕಳಿಸಿದ್ರೆ ಅವನ ಕರ್ತವ್ಯ ಮುಗೀತು. ನಾನು ಕಾರವಾರದಿಂದ ದಿನಾ ಸಂಜೆ ಫೋನ್, ‘ವಾಕಿಂಗ್ ಆಯ್ತಾ?’ ‘ಆತು ಆತು.’ ಆರಾಮ್ ಕುರ್ಚಿ ಕಿರ್ ಅನ್ನೂದು ಫೋನಲ್ಲೇ ಕೇಳ್ತಿತ್ತು. ಟಾಗೋರ್ ಬೀಚಲ್ಲಿ ಜನ ಬೆಳಿಗ್ಗೆ ಬೀಸಾಗಿ ನಡಿಯೂದು ನೋಡಿ ನೀವೂ ಮುಕ್ಕಾಲು ಗಂಟೆ ನಡೀರಿ ಅಂತಿದ್ದೆ, ಈ ಮಳೆ, ಈ ಜಾರು, ಈ ಉಂಬಳದಲ್ಲಿ (ಜಿಗಣೆ) 71ರ ಮುದುಕ ಎಲ್ಲಿ ನಡೀಬೇಕು ಅಂತ ಯೋಚ್ನೆ ಮಾಡಿದ್ರೆ ತಾನೆ.

ಆ ಹುಡುಗಿ ಅದನ್ನೂ ಕೇಳಿದ್ಲು, ‘ಮನೆ ಜಗಲಿ ಎಷ್ಟುದ್ದ?’

‘ಹದಿನಾಲ್ಕು ಹೆಜ್ಜೆ.’ ಲೆಕ್ಕ ಬಾಯಲ್ಲೇ ಇತ್ತು!

ಹಾಗಾದ್ರೆ ಮೂರು ಹೊತ್ತೂ ಉಂಡಾದ್ಮೇಲೆ ಜಗಲಿ ಮೇಲೇ ಹತ್ತು ಹತ್ತು ನಿಮಿಷ ಚುರುಕಾಗಿ ಓಡಾಡಿ, ಸಕ್ರೆ ಏರೋ ಹೊತ್ತಿಗೇ ಕಾಲಿನ ಸ್ನಾಯು ಅದನ್ನ ಎಳ್ಕೊಳ್ತದೆ ಅಂದ್ಲು. ಬಸ್ಸಲ್ಲಿ ಕೂತು ಲೆಕ್ಕ ಹಾಕ್ದೆ, ವಾರಕ್ಕೆ ಐದು ದಿನ ಮಾಡಿದ್ರೂ ವಾರಕ್ಕೆ ಇಷ್ಟು ವ್ಯಾಯಾಮ ಬೇಕು ಅಂತ ಎಲ್ಲಾ ಕಡೆ ಹೇಳೋ ಆ 150 ನಿಮಿಷ ಆಗೇ ಹೋಯ್ತು.

ನಿನ್ನೆ ಬೆಳಿಗ್ಗೆ ಡಬ್ಬ ನಾನೇ ಅಟ್ಟದಿಂದ ಇಳಿಸಿ ಒಂದು ಚಮಚದ ಜೊತೆ ಅವ್ರ ಮುಂದಿಟ್ಟೆ. ಒಂದು ಚಮಚ ಹಾಕ್ಕೊಂಡ್ರು. ತೆಳ್ಳೇವು ಇನ್ನೂ ಒಂದು ಉಳಿದಿತ್ತು, ನನ್ನ ನೋಡಿದ್ರು, ನಾನು ಹೊರಗಿನ ಮಳೆ ನೋಡ್ತಾ ಕೂತೆ. ಮತ್ತೆ ಚಮಚ ಅದ್ದಿದ ಸದ್ದು. ಆ ಹುಡುಗಿ ಕೊಟ್ಟ ಪಟ್ಟಿ ಪುಸ್ತಕ ಎಳ್ಕೊಂಡು, ಪೆನ್ನಿನ ಟೊಪ್ಪಿ ಹಲ್ಲಲ್ಲಿ ಕಚ್ಚಿ ತೆಗೆದು ಕೇಳಿದ್ರು:

‘ಅರ್ಧ ಚಮಚ ಹ್ಯಾಂಗೆ ಬರೆಯದೇ ಕೂಸೇ?’