ಕಲ್ಲಿಗೆ ಕಾರ್ಬನ್ ಡೇಟಿಂಗ್ ಮಾಡಿಸಬಹುದಾ?

ಆಗುವುದಿಲ್ಲ. ಶಿವಮೊಗ್ಗದಲ್ಲಿ ಭೂವಿಜ್ಞಾನ ಪಾಠ ಮಾಡುವವನು ಎಂದು ಗೊತ್ತಾದರೆ ಸಾಕು, ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಅಡಿಕೆ ಮಂಡಿಯಲ್ಲಿ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಕಾರ್ಬನ್ ಡೇಟಿಂಗ್ ಎಂದರೆ ಕಾರ್ಬನ್-14 ಎಂಬ, ತಾನಾಗಿ ಕ್ಷಯಿಸುವ ಬಗೆಯ ಕಾರ್ಬನ್ನಿನ ಲೆಕ್ಕ. ಅದು ನಡೆಯುವುದು ಒಮ್ಮೆ ಜೀವವಿದ್ದ ವಸ್ತುವಿಗೆ: ಮರ, ಮೂಳೆ, ಇದ್ದಿಲು, ಸುಟ್ಟ ಭತ್ತ. ಜೀವ ಹೋದ ಮೇಲೆ ಹೊಸ ಕಾರ್ಬನ್ ಸೇರುವುದಿಲ್ಲ, ಒಳಗಿದ್ದ ಕಾರ್ಬನ್-14 ಪ್ರತಿ 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತ ಹೋಗುತ್ತದೆ. ಸುಮಾರು 50 ಸಾವಿರ ವರ್ಷ ದಾಟಿದರೆ ಅಳೆಯುವಷ್ಟು ಉಳಿದಿರುವುದಿಲ್ಲ. ನೀವು ತೋರಿಸುವುದು ಬಂಡೆ. ಅದಕ್ಕೆ ಜೀವ ಇದ್ದದ್ದು ಯಾವಾಗ?

ಸಾಗರ ತಾಲ್ಲೂಕಿನ ಕಡೆಯ ಒಂದು ಊರಲ್ಲಿ ತೋಟದ ಅಂಚಿಗೆ ಬಿದ್ದಿದ್ದ ವೀರಗಲ್ಲನ್ನು ಎತ್ತಿ ನಿಲ್ಲಿಸಿದ್ದರು. ನನ್ನನ್ನೂ ಕರೆದಿದ್ದರು. "ಮೇಷ್ಟ್ರೆ, ಇದೆಷ್ಟು ಹಳೇದು? ಕಾರ್ಬನ್ ಡೇಟಿಂಗ್ ಮಾಡ್ಸಿ ಮಾರಾಯ್ರೆ" ಎಂದರು ಹಿರಿಯರೊಬ್ಬರು. ಕಲ್ಲು ಹಾಳೆ ಹಾಳೆಯಾಗಿ ಸೀಳುವ ಶಿಸ್ಟ್ ಜಾತಿಯದು, ಇಲ್ಲಿನ ಶಿಸ್ಟ್‌ಗೆ 250 ಕೋಟಿ ವರ್ಷಕ್ಕೂ ಹೆಚ್ಚು ಆಗಿದೆ ಎಂದೆ. ಮುಂದಿನ ವಾರ ಊರ ಬಾಗಿಲಲ್ಲಿ ಫ್ಲೆಕ್ಸ್: "250 ಕೋಟಿ ವರ್ಷ ಹಿಂದಿನ ವೀರಗಲ್ಲಿಗೆ ಸ್ವಾಗತ". ಆ ಕಾಲದಲ್ಲಿ ಭೂಮಿಯ ಮೇಲೆ ಇದ್ದದ್ದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಕುದುರೆಯೂ ಇಲ್ಲ, ಅದರ ಮೇಲೆ ಕತ್ತಿ ಹಿಡಿದು ಕೂತವನೂ ಇಲ್ಲ. ಊರವರೆಲ್ಲ ಆ ಫ್ಲೆಕ್ಸ್ ಮುಂದೆ ಸೆಲ್ಫಿ ತೆಗೆಸಿಕೊಂಡರು. ನನಗೆ ನಿಜಕ್ಕೂ ಸಿಟ್ಟು ಬಂತು.

ಬಂಡೆಗೆ ಬೇರೆ ಗಡಿಯಾರ ಬೇಕು. ಶಿಲಾಪಾಕ, ಅಂದರೆ ಕರಗಿದ ಕಲ್ಲು, ತಣಿದು ಗಟ್ಟಿಯಾಗುವಾಗ ಅದರಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳು ಮೂಡುತ್ತದೆ. ಅದು ಯುರೇನಿಯಂ ಅನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಹಾಗಾಗಿ ಈಗ ಅದರೊಳಗೆ ಸಿಗುವ ಸೀಸ ಯುರೇನಿಯಂ ನಿಧಾನವಾಗಿ ಕ್ಷಯಿಸಿ ಸೀಸವಾಗಿಯೇ ಬಂದದ್ದು. ಎರಡನ್ನೂ ಅಳೆದರೆ ಹರಳಿನ ವಯಸ್ಸು ತಿಳಿಯುತ್ತದೆ. ನಮ್ಮ ಶಿಸ್ಟ್ ಪಟ್ಟಿಯ ಅಡಿಗಲ್ಲಾದ, ಪಟ್ಟೆ ಪಟ್ಟೆ ಬಂಡೆಯಾದ ನೈಸ್‌ಗೆ 300 ಕೋಟಿ ವರ್ಷದ ಲೆಕ್ಕ ಸಿಕ್ಕಿದ್ದು ಹೀಗೆ.

"ಆಗ ಯಾರು ನೋಡೋಕಿದ್ರು?" ಇದನ್ನು ಗೆದ್ದವರ ಮುಖ ಮಾಡಿ ಕೇಳುತ್ತಾರೆ. ಕೇಳಿಸಿಕೊಳ್ಳಿ. ಅದೇ ಹರಳಿನಲ್ಲಿ ಎರಡು ಬಗೆಯ ಯುರೇನಿಯಂ ಇದೆ. ಯುರೇನಿಯಂ-238 ಅರ್ಧವಾಗಲು 447 ಕೋಟಿ ವರ್ಷ, ಯುರೇನಿಯಂ-235ಕ್ಕೆ ಸುಮಾರು 70 ಕೋಟಿ. ಬೇರೆ ಬೇರೆ ವೇಗದಲ್ಲಿ ಓಡಿದ ಎರಡೂ ಒಂದೇ ವಯಸ್ಸು ಹೇಳಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು? ಹರಳಿಗೆ ಪೆಟ್ಟು ಬಿದ್ದು ಸೀಸ ಸೋರಿದ್ದರೆ ಎರಡೂ ತಾಳೆಯಾಗುವುದಿಲ್ಲ, ಮೋಸ ಅಲ್ಲೇ ಗೊತ್ತಾಗುತ್ತದೆ. ಇದೇ ಯುರೇನಿಯಂ–ಸೀಸದ ಗಡಿಯಾರವನ್ನು ಉಲ್ಕಾಶಿಲೆಗಳ ಮೇಲೆ ನಡೆಸಿ ಅಮೆರಿಕದ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಭೂಮಿಗೆ 455 ಕೋಟಿ ವರ್ಷ ಎಂದರು. ಗಾಳಿಯ ಸೀಸ ಮಾದರಿಗೆ ಸೇರದಂತೆ ತಡೆಯಲು ಆ ಮನುಷ್ಯ ಪಟ್ಟ ಪಾಡು ಗೊತ್ತಿದ್ದವರು ಹೀಗೆ ಹಗುರವಾಗಿ ಮಾತಾಡುವುದಿಲ್ಲ.

ಯಾರಾದರೂ "ಇದು ಯಾವುದರ ವಯಸ್ಸು?" ಎಂದು ಕೇಳಲಿ ಅಂತ ಕಾಯುತ್ತಿದ್ದೇನೆ. ಗಡಿಯಾರ ಹೇಳುವುದು ಹರಳು ಮೂಡಿದ ಹೊತ್ತನ್ನು ಮಾತ್ರ. ನಮ್ಮ ಶಿಸ್ಟ್ ಸೇರಿದ ಧಾರವಾಡ ಶಿಲಾಸಮೂಹದಲ್ಲಿ, ಮರಳು ಗಟ್ಟಿಯಾಗಿ ಆದ ಕ್ವಾರ್ಟ್ಜೈಟ್‌ನಲ್ಲಿ 300 ಕೋಟಿ ವರ್ಷಕ್ಕೂ ಹಳೆಯ ಜಿರ್ಕಾನ್ ಇದೆ, ಆದರೆ ಆ ಮರಳು ಬಂದು ಕೂತದ್ದು ಅದಕ್ಕಿಂತ ಈಚೆಗೆ. ಹಳೇ ಮನೆಯ ತೊಲೆ ಹಾಕಿ ಕಟ್ಟಿದ ಹೊಸ ಮನೆಯ ಹಾಗೆ. ತೊಲೆ ನೋಡಿ ಮನೆಯ ವಯಸ್ಸು ಹೇಳಬಾರದು. ಅಂಥ ಪದರಕ್ಕೆ ಅದರ ಮೇಲೆ ಕೆಳಗೆ ಇರುವ ಲಾವಾ, ಜ್ವಾಲಾಮುಖಿ ಬೂದಿ ಹುಡುಕಬೇಕು. ಪಳೆಯುಳಿಕೆಗಳಿಗೂ ಹೆಚ್ಚಾಗಿ ಇದೇ ದಾರಿ: ಡೈನೋಸಾರ್ ಮೂಳೆಯನ್ನಲ್ಲ, ಅದರ ಮೇಲಿನ ಕೆಳಗಿನ ಬೂದಿಯನ್ನು ಅಳೆಯುತ್ತಾರೆ.

ವೀರಗಲ್ಲಿನ ಕಲ್ಲು ಹುಟ್ಟಿದ್ದು ಒಂದು ಕಾಲ, ಉಳಿ ಬಿದ್ದದ್ದು ಇನ್ನೊಂದು ಕಾಲ. ಉಳಿ ಬಿದ್ದ ಕಾಲ ಯುರೇನಿಯಂಗೆ ಗೊತ್ತಿಲ್ಲ, ಕಲ್ಲಿನ ಮೇಲಿನ ಅಕ್ಷರಕ್ಕೆ ಗೊತ್ತು. ಬಿ.ಎಲ್. ರೈಸ್ ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಾಗಿ ಅಚ್ಚು ಹಾಕಿಸಿದ್ದಾರೆ. ನಿಮ್ಮೂರಿನ ಕಲ್ಲು ಅದರಲ್ಲಿದೆಯೇ ಮೊದಲು ನೋಡಿ. ಇಲ್ಲದಿದ್ದರೆ ಅಕ್ಷರದ ಫೋಟೊವನ್ನು ಲಿಪಿ ಬಲ್ಲವರಿಗೆ ಕಳಿಸಿ. ಅಕ್ಷರದ ಮೇಲೆ ಸುಣ್ಣ, ಪೇಂಟು ಬಳಿಯಬೇಡಿ. ಮತ್ತೆ ಆ ಫ್ಲೆಕ್ಸ್ ಇನ್ನೂ ಇದ್ದರೆ ದಯವಿಟ್ಟು ಇಳಿಸಿ.