ಎರಡು ತೋಳಿನ ದೂರ

ಭಾನುವಾರದ ಆತ್ಮರಕ್ಷಣೆ ತರಗತಿಯಲ್ಲಿ ಒಂದೇ ಪ್ರಸಂಗವನ್ನು ಎರಡು ಗಂಟೆ ಆಡಿಸಿದೆವು. ಸಿಗ್ನಲ್ಲಿನಲ್ಲಿ ಬೈಕಿನ ಕನ್ನಡಿ ಕಾರಿಗೆ ತಾಗಿದೆ. ಕಾರಿನವನು ಬಾಗಿಲು ಬಡಿದು "ಏಯ್, ಕಣ್ ಕಾಣಲ್ವಾ?" ಎನ್ನುತ್ತ ಬರುತ್ತಿದ್ದಾನೆ.

ಸವಾರನ ಪಾತ್ರಕ್ಕೆ ನಿಂತವರಲ್ಲಿ ಹೆಚ್ಚಿನವರು ಮೊದಲು ಮಾಡಿದ ಕೆಲಸ ಹೆಲ್ಮೆಟ್ ತೆಗೆದದ್ದು. ಮುಖ ತೋರಿಸಿ ಮಾತಾಡುವುದು ಮರ್ಯಾದೆ, ನಿಜ. ಆದರೆ ಇಂಥ ಜಗಳದಲ್ಲಿ ಗುದ್ದಿಗಿಂತ, ಗುದ್ದು ತಿಂದು ಬಿದ್ದಾಗ ತಲೆ ಫುಟ್‌ಪಾತಿನ ಕಲ್ಲಿಗೆ ಬಡಿಯುವುದೇ ಹೆಚ್ಚು ಅಪಾಯ. ಹೆಲ್ಮೆಟ್ ಇರಲಿ, ಪಟ್ಟಿಯೂ ಬಿಗಿಯಾಗಿರಲಿ.

ಆಮೇಲೆ ಕಾಲು. ಬೈಕಿಂದ ಇಳಿದು, ಬೈಕನ್ನು ನಡುವೆ ಬಿಟ್ಟು ನಿಲ್ಲಬೇಕು. ಅವನು ಸುತ್ತಿ ಬಂದರೆ ಒಂದು ಕಾಲು ಹಿಂದೆ, ಮಂಡಿ ಸ್ವಲ್ಪ ಸಡಿಲ, ಎರಡು ತೋಳಿನಷ್ಟು ದೂರ. ಅಂಗೈಗಳು ಎದೆಯ ಮಟ್ಟದಲ್ಲಿ, ಅವನತ್ತ ತೆರೆದು. ನೋಡುವವರಿಗೆ ಸಮಾಧಾನ ಮಾಡುತ್ತಿರುವಂತೆ ಕಾಣುತ್ತದೆ, ಗುದ್ದು ಬಂದರೆ ಅದೇ ಕೈ ಮುಖಕ್ಕೆ ಅಡ್ಡ ಬರುತ್ತದೆ. "ಅಣ್ಣಾ, ತಪ್ಪಾಯ್ತು, ಅಲ್ಲೇ ನಿಂತು ಮಾತಾಡಿ" ಎಂದು ಪಕ್ಕದ ಅಂಗಡಿಯವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಬೇಕು. ತಪ್ಪು ಯಾರದೆಂಬ ಲೆಕ್ಕ ಆಮೇಲೆ.

ಮಣಿಕಟ್ಟು ಹಿಡಿದರೆ? ಇಲ್ಲೇ ಹೆಚ್ಚು ಹೊತ್ತು ಹೋಯಿತು. ಎಲ್ಲರೂ ಕೈಯನ್ನು ನೇರ ಹಿಂದಕ್ಕೆ ಎಳೆಯುತ್ತಾರೆ. ಆಗ ಅದು ಹಗ್ಗಜಗ್ಗಾಟ, ತೂಕ ಹೆಚ್ಚಿದ್ದವನೇ ಗೆಲ್ಲುತ್ತಾನೆ. ಹಿಡಿತ ದುರ್ಬಲವಾಗಿರುವುದು ಹೆಬ್ಬೆರಳಿನ ತುದಿ ಉಳಿದ ಬೆರಳುಗಳನ್ನು ಸೇರುವ ಸಂದಿಯಲ್ಲಿ. ನಿಮ್ಮ ಮಣಿಕಟ್ಟಿನ ತೆಳು ಅಂಚನ್ನು ಆ ಸಂದಿಗೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟು, ನಿಮ್ಮ ಮೊಣಕೈಯನ್ನು ಅವನ ಮೊಣಕೈಯತ್ತ ತಳ್ಳಿ. ಕೈ ತಾನೇ ಜಾರಿ ಬರುತ್ತದೆ. ಅಭ್ಯಾಸದಲ್ಲಿ ಜೊತೆಗಾರ ಪಾಪ ಎಂದು ಸಡಿಲ ಹಿಡಿದರೆ ಏನೂ ಕಲಿತಂತಾಗದು, ನೋವಾಗುವಷ್ಟು ಹಿಡಿಯಲು ಹೇಳಿ.

"ಸರ್, ಬೆರಳ ಸಂದಿಲಿ ಬೈಕ್ ಕೀ ಇಟ್ಕೊಂಡು ಹೊಡೆದ್ರೆ?" ಎಂದ ಒಬ್ಬ ಹುಡುಗ. ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ತಾಗಿದ ಕೂಡಲೇ ಕೀ ಹೊರಳಿ ನಿಮ್ಮ ಬೆರಳನ್ನೇ ಸೀಳಬಹುದು. ಬರೀ ಮುಷ್ಟಿಯೂ ಅಷ್ಟಕ್ಕಷ್ಟೆ: ತಲೆಬುರುಡೆಗೆ ತಾಗಿದರೆ ಕಿರುಬೆರಳಿನ ಬುಡದ ಮೂಳೆ ಮುರಿಯಬಹುದು. ದಾರಿಯೇ ಇಲ್ಲದಿದ್ದರೆ ಅಂಗೈಯ ಬುಡದಿಂದ ಗದ್ದದ ಕೆಳಗೆ ಒಂದು ತಳ್ಳು, ಮರುಕ್ಷಣ ಓಟ, ಜನ ಇರುವ ಕಡೆಗೆ. ಬೀಳುತ್ತಿದ್ದರೆ ಗದ್ದವನ್ನು ಎದೆಗೆ ಒತ್ತಿ, ಕುಕ್ಕರುಗಾಲಿಗೆ ಇಳಿದು ಬೀಳಿ.

ಅವನು ಹಿಂದೆ ಸರಿದ ಮೇಲೆ ಕೊಟ್ಟ ಏಟು ರಕ್ಷಣೆಯ ಲೆಕ್ಕಕ್ಕೆ ಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಅಪಾಯದ ಭಯ ಇರುವಷ್ಟು ಹೊತ್ತು, ಅಗತ್ಯವಿರುವಷ್ಟೇ ಬಲ.

ಕೊನೆಯ ಸುತ್ತಿನಲ್ಲಿ ಫೋನ್ ತೆಗೆದು 112 ಒತ್ತಲು ಹೇಳಿದೆವು. ಓಡಿ ಬಂದವರ ಬೆರಳು ನಡುಗಿ ಲಾಕೇ ತೆಗೆಯಲಾಗಲಿಲ್ಲ. ತುರ್ತು ಕರೆಯ ಶಾರ್ಟ್‌ಕಟ್ಟನ್ನು ಅಲ್ಲೇ ಎಲ್ಲರ ಫೋನಿನಲ್ಲೂ ಹಾಕಿಸಿ, ಇನ್ನೊಂದನ್ನೂ ಮಾಡಿಸಿದೆವು: ಅಂಗಿಯೊಳಗೆ ಕೈಯಾಡಿಸಿ, ಹೊರತೆಗೆದು ಅಂಗೈಯಲ್ಲಿ ರಕ್ತವಿದೆಯೇ ಎಂದು ನೋಡುವುದು. ಚಾಕು ತಾಗಿದ್ದು ಆ ಹೊತ್ತಿಗೆ ಬರೀ ಗುದ್ದಿನಂತೆ ಅನ್ನಿಸಬಹುದು.