ಹಳೆಯ ಅಡುಗೆ ಬರಹಗಳ ‘ಪ್ಲಾಂಟೇನ್’: ಕಾಯಿಯೋ ಹಣ್ಣೋ?

ನಮ್ಮ ಅತ್ತೆಯವರ ಟ್ರಂಕಿನಲ್ಲಿ ಇಂಗ್ಲಿಷ್ ಅಡುಗೆಗಳನ್ನು ಬರೆದಿಟ್ಟ ಹಳೆಯ ನೋಟ್‌ಬುಕ್ ದೊರೆಯಿತು. ಅದರಲ್ಲಿದ್ದ ‘ಪ್ಲಾಂಟೇನ್ ಕಟ್ಲೆಟ್’ ಮಾಡಲು, ಪ್ಲಾಂಟೇನ್ ಎಂದರೆ ಅಡುಗೆಯ ಬಾಳೆಕಾಯಿ ಎಂದುಕೊಂಡು, ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಪಲ್ಯದ ಬಾಳೆಕಾಯಿ ತಂದೆ. ಬೇಯಿಸಿ, ನಾದಿ, ಹುರಿದಾಗ ಅದು ಚೆನ್ನಾಗಿಯೇ ಬಂತು. ಮರುದಿನ ಅದೇ ಕಾಯಿಯಿಂದ ಮುಂದಿನ ಪುಟದ ‘ಪ್ಲಾಂಟೇನ್ ಮೊಸರುಬಜ್ಜಿ’ ಮಾಡಿದೆ. ಬೇಯಿಸಬೇಕೆಂಬ ಮಾತು ಅಲ್ಲಿರಲಿಲ್ಲವಾದ್ದರಿಂದ ಹಸಿಯಾಗಿಯೇ ಹೆಚ್ಚಿ ಹಾಕಿದ್ದೆ. ಒಗರಿನಿಂದ ಯಾರೂ ಎರಡನೆಯ ತುತ್ತು ತಿನ್ನಲಿಲ್ಲ.

ತಪ್ಪಿಗೆ ಕಾರಣ ಆ ಪದದಲ್ಲೇ ಇತ್ತು. ಬ್ರಿಟಿಷರ ಕಾಲದ ಭಾರತೀಯ ಇಂಗ್ಲಿಷಿನಲ್ಲಿ ತಿನ್ನುವ ಬಾಳೆಹಣ್ಣನ್ನೂ ಪ್ಲಾಂಟೇನ್ ಎಂದೇ ಕರೆಯುತ್ತಿದ್ದರು. 1886ರಲ್ಲಿ ಪ್ರಕಟವಾದ ‘ಹಾಬ್ಸನ್-ಜಾಬ್ಸನ್’ ನಿಘಂಟೂ ಈ ಬಳಕೆಯನ್ನು ದಾಖಲಿಸಿದೆ. ಸಸ್ಯಗಳಿಗೆ ಶಾಸ್ತ್ರೀಯ ಹೆಸರುಗಳನ್ನಿಟ್ಟ ಲಿನೇಯಸ್ 18ನೆಯ ಶತಮಾನದಲ್ಲಿ ಅಡುಗೆಯ ಬಾಳೆ, ತಿನ್ನುವ ಬಾಳೆ ಇವೆರಡನ್ನೂ ಬೇರೆ ಬೇರೆ ಪ್ರಭೇದಗಳೆಂದು ಹೆಸರಿಸಿದ್ದನಾದರೂ, ಅವನು ಹೆಸರಿಸಿದ ಆ ಎರಡೂ ಮೂಸಾ ಅಕ್ಯುಮಿನೇಟಾ ಮತ್ತು ಮೂಸಾ ಬಾಲ್ಬಿಸಿಯಾನಾ ಎಂಬ ಕಾಡುಬಾಳೆಗಳ ಮಿಶ್ರ ಸಂತಾನವೆಂಬುದು ಆಮೇಲೆ ತಿಳಿಯಿತು. ಇಂದು ಸಸ್ಯಶಾಸ್ತ್ರಜ್ಞರು ಪ್ಲಾಂಟೇನ್ ಎನ್ನುವುದು ಕೇರಳದ ನೇಂದ್ರ ಬಾಳೆಯಂಥ ಗುಂಪನ್ನು ಮಾತ್ರ.

ನಮ್ಮ ಕನ್ನಡವಾದರೋ ತಳಿಯನ್ನು ನೋಡದೆ ಹದವನ್ನು ನೋಡಿ ಕಾಯಿ, ಹಣ್ಣು ಎಂದು ಬೇರ್ಪಡಿಸುತ್ತದೆ. ಅಡುಗೆಗೆ ಬೇಕಾದದ್ದೂ ಇದೇ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ, ಏಕೆಂದರೆ ಬಲಿತ ಕಾಯಿಯ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗದಷ್ಟಿರುವ ಪಿಷ್ಟವು ತಿನ್ನುವ ತಳಿಗಳಲ್ಲಿ ಮಾಗುತ್ತಾ ಹೆಚ್ಚುಕಡಿಮೆ ಪೂರ್ತಿಯಾಗಿ ಸಕ್ಕರೆಯಾಗಿಬಿಡುತ್ತದೆ. ನೇಂದ್ರದಂಥವು ಮಾತ್ರ ಹಣ್ಣಾದ ಮೇಲೂ ಒಂದಿಷ್ಟು ಪಿಷ್ಟವನ್ನು ಉಳಿಸಿಕೊಂಡು ಗಟ್ಟಿಯಾಗಿರುತ್ತವೆ. ಬಣ್ಣವನ್ನಂತೂ ಎಲ್ಲ ಕಡೆ ನಂಬಲಾಗದು. ನಮ್ಮ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಯ ಸಿಪ್ಪೆ ಕಾಯಿಯಿದ್ದಾಗಲೂ ಕೆಂಪೇ.

ಆದ್ದರಿಂದ ಈಗ ನಾನು ಹೆಸರನ್ನು ಬಿಟ್ಟು ವಿಧಾನವನ್ನು ಓದುತ್ತೇನೆ. ಚಾಕುವಿನಿಂದ ಸಿಪ್ಪೆ ಹೆರೆಯಿರಿ, ಕೈಗೆ ಎಣ್ಣೆ ಸವರಿಕೊಳ್ಳಿರಿ, ಹೋಳುಗಳನ್ನು ಮಜ್ಜಿಗೆನೀರಿನಲ್ಲಿ ಹಾಕಿರಿ, ಅರಿಸಿನದೊಂದಿಗೆ ಬೇಯಿಸಿರಿ ಎಂದಿದ್ದರೆ ಅದು ಸೊನೆಯಿರುವ ಕಾಯಿ. ಬೇಯಿಸದೆ ಮೊಸರಿಗೆ ಬೆರೆಸಿ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಡಿ ಎಂದಿದ್ದರೆ ಹಣ್ಣು. ಅಮೆರಿಕದ ಹಳೆಯ ಪಾಕವಿಧಾನಗಳಲ್ಲಿ ಮಾಂಸದ ಜೊತೆ ಬೇಯಿಸುವ ಬಾಳೆಯೂ ತಿನ್ನುವ ಹಣ್ಣೇ. ತುದಿಯಲ್ಲಿ ಇನ್ನೂ ಸ್ವಲ್ಪ ಹಸಿರಿರುವುದನ್ನು ಆರಿಸಿಕೊಳ್ಳಿ ಎಂದು ಅವು ಸೂಚಿಸುವುದುಂಟು.

ನೋಟ್‌ಬುಕ್ಕಿನ ಪ್ರತಿ ಪುಟದ ಅಂಚಿನಲ್ಲೂ ಪೆನ್ಸಿಲಿನಿಂದ ‘ಕಾಯಿ’ ಅಥವಾ ‘ಹಣ್ಣು’ ಎಂದು ಬರೆಯುತ್ತಿದ್ದೇನೆ. ‘ಹೋಳು ಮಾಡಿ ತುಪ್ಪದಲ್ಲಿ ಹುರಿದು ಅನ್ನದೊಂದಿಗೆ ಬಡಿಸಿ’ ಎಂದಷ್ಟೇ ಇರುವ ಒಂದು ಪುಟದ ಅಂಚು ಮಾತ್ರ ಇನ್ನೂ ಖಾಲಿಯಿದೆ.